ಮೊದಲ ಸಲ ಒಬ್ಬರೇ ವಿದೇಶಕ್ಕೆ, ಕಡಿಮೆ ಖರ್ಚಿನಲ್ಲಿ: ಯಾವುದು ಮೊದಲು, ಯಾವುದು ಆಮೇಲೆ

ಮೊದಲ ಸಲ ಒಬ್ಬರೇ ವಿದೇಶಕ್ಕೆ ಹೊರಟವರು ನನ್ನನ್ನು ಸಲಹೆ ಕೇಳುವ ಹೊತ್ತಿಗೆ ಹೆಚ್ಚಿನವರ ಕೈಯಲ್ಲಿ ಆಗಲೇ ವಿಮಾನದ ಟಿಕೆಟ್ ಇರುತ್ತದೆ. ‘ಅಗ್ಗಕ್ಕೆ ಸಿಕ್ಕಿತು, ತಗೊಂಡುಬಿಟ್ಟೆ’ ಅನ್ನುತ್ತಾರೆ. ರದ್ದು ಮಾಡಿದರೆ ಹಣ ವಾಪಸ್ ಬರುವುದಿಲ್ಲ. ವೀಸಾಕ್ಕೆ ಇನ್ನೂ ಅರ್ಜಿ ಹಾಕಿಲ್ಲ. ಪಾಸ್‌ಪೋರ್ಟ್ ತೆರೆದು ನೋಡಿದರೆ ಅವಧಿ ಮುಗಿಯಲು ನಾಲ್ಕೇ ತಿಂಗಳು ಬಾಕಿ. ಅಲ್ಲಿಂದ ಮುಂದೆ ಎಲ್ಲವೂ ಜಾಸ್ತಿ ಖರ್ಚಿನ ದಾರಿಯೇ: ತುರ್ತು ಶುಲ್ಕ, ದಿನಾಂಕ ಬದಲಿಸುವ ಶುಲ್ಕ, ಕೊನೇ ಗಳಿಗೆಯ ಹೋಟೆಲ್.

ನಾನು ನೋಡಿದ ಮಟ್ಟಿಗೆ ಬಜೆಟ್ ಕೈಮೀರುವುದು ಹೆಚ್ಚಾಗಿ ಕೆಲಸಗಳ ಸರದಿ ತಪ್ಪಿದಾಗ. ಹಾಗಾಗಿ ಇಲ್ಲಿ ಸರದಿಗೇ ಒತ್ತು. ಒಂದು ಹಂತ ಮುಗಿಯುವ ತನಕ ಮುಂದಿನದಕ್ಕೆ ದುಡ್ಡು ಕಟ್ಟಬೇಡಿ. ವೀಸಾ ಬೇಕಾದ ದೇಶವಾದರೆ ಹೊರಡುವ ದಿನಕ್ಕೆ ನಾಲ್ಕೈದು ತಿಂಗಳು ಮುಂಚೆ ಶುರು ಮಾಡಿ. ವೀಸಾ ಬೇಡದ ದೇಶವಾದರೆ ಎರಡು ತಿಂಗಳು ಸಾಕು.

ಕೈಹತ್ತಿರ ಇಟ್ಟುಕೊಳ್ಳಬೇಕಾದ್ದು ಇಷ್ಟು: ಪಾಸ್‌ಪೋರ್ಟ್, ಲೆಕ್ಕ ಬರೆಯಲು ಒಂದು ಪುಸ್ತಕ ಅಥವಾ ಸ್ಪ್ರೆಡ್‌ಶೀಟ್, ವಿದೇಶದಲ್ಲಿ ನಡೆಯುವ ಎರಡು ಕಾರ್ಡ್, ಯಾವ ಸಿಮ್ ಹಾಕಿದರೂ ಕೆಲಸ ಮಾಡುವ ಫೋನ್, ಮತ್ತು ಈ ಪ್ರವಾಸದ ಕಾಗದಗಳಿಗೆಂದೇ ಇಮೇಲ್‌ನಲ್ಲಿ ಒಂದು ಫೋಲ್ಡರ್.

1. ಪಾಸ್‌ಪೋರ್ಟನ್ನು ಸರಿಯಾಗಿ ಓದಿ

ಪಾಸ್‌ಪೋರ್ಟ್ ಇದೆ ಅನ್ನುವುದು ಬೇರೆ, ಅದು ನೀವು ಹೋಗುವ ದೇಶಕ್ಕೆ ನಡೆಯುತ್ತದೆ ಅನ್ನುವುದು ಬೇರೆ. ಸಿಂಗಪುರ, ಇಂಡೊನೇಷ್ಯಾದಂಥ ದೇಶಗಳು ನೀವು ಕಾಲಿಡುವ ದಿನದಿಂದ ಕನಿಷ್ಠ 6 ತಿಂಗಳ ಅವಧಿ ಉಳಿದಿರಬೇಕು ಅನ್ನುತ್ತವೆ. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿಗೆ ಷೆಂಗೆನ್ ಎಂದು ಹೆಸರು; ಆ ದೇಶಗಳಿಗೆ ನೀವು ಅಲ್ಲಿಂದ ಹೊರಡುವ ದಿನದ ನಂತರ 3 ತಿಂಗಳು ಉಳಿದಿರಬೇಕು, ಜೊತೆಗೆ ಪಾಸ್‌ಪೋರ್ಟ್ ಕೊಟ್ಟು 10 ವರ್ಷ ದಾಟಿರಬಾರದು. ಒಂದೊಂದು ದೇಶಕ್ಕೆ ಒಂದೊಂದು ಲೆಕ್ಕ. ಎಲ್ಲದಕ್ಕೂ ಹೊಂದುವ ಸುಲಭ ಸೂತ್ರ ಒಂದಿದೆ: ನೀವು ಮನೆಗೆ ಮರಳುವ ದಿನದಿಂದ ಎಣಿಸಿ 6 ತಿಂಗಳು ಬಾಕಿ ಇಲ್ಲದಿದ್ದರೆ ಮೊದಲು ಹೊಸ ಪಾಸ್‌ಪೋರ್ಟ್ ಮಾಡಿಸಿ, ಮಿಕ್ಕಿದ್ದು ಆಮೇಲೆ.

ಆಮೇಲೆ ಖಾಲಿ ಪುಟ ಎಣಿಸಿ. ಷೆಂಗೆನ್ ವೀಸಾಕ್ಕೆ ಕನಿಷ್ಠ ಎರಡು ಬೇಕು. ನೀರು ಬಿದ್ದು ಉಬ್ಬಿದ, ಹೊಲಿಗೆ ಬಿಚ್ಚಿದ, ಫೋಟೋ ಪುಟದ ಹಾಳೆ ಎದ್ದಿರುವ ಪಾಸ್‌ಪೋರ್ಟ್ ಆಗಿದ್ದರೆ ಅದನ್ನೂ ಬದಲಿಸಿ. ವಿಮಾನ ಸಂಸ್ಥೆಯ ಕೌಂಟರ್‌ನಲ್ಲೇ ನಿಮ್ಮನ್ನು ತಡೆಯಬಹುದು. ಕಾಗದ ಸರಿ ಇಲ್ಲದವರನ್ನು ಕರೆದೊಯ್ದರೆ ಆ ಸಂಸ್ಥೆಗೇ ದಂಡ ಬೀಳುತ್ತದೆ, ವಾಪಸ್ ಕರೆತರುವ ಹೊಣೆಯೂ ಅದರದೇ. ಅದಕ್ಕೇ ಅವರು ಅಷ್ಟು ಬಿಗಿ.

ಕೊನೆಯದು ಹೆಸರು. ಫೋಟೋ ಪುಟದ ಕೆಳಗೆ ಬಾಣದಂಥ ಗುರುತುಗಳಿರುವ ಎರಡು ಸಾಲು ಇದೆಯಲ್ಲ, ಅಲ್ಲಿ ಇರುವ ಹೆಸರೇ ಟಿಕೆಟ್, ವೀಸಾ, ವಿಮೆ ಎಲ್ಲದರಲ್ಲೂ ಬರಬೇಕು. ಒಂದೇ ಹೆಸರಿದ್ದು ಉಪನಾಮದ ಜಾಗ ಖಾಲಿ ಇರುವವರು ಹೆಚ್ಚು ಎಚ್ಚರ ವಹಿಸಿ. ಟಿಕೆಟ್ ಫಾರಂ ಆ ಜಾಗವನ್ನು ಖಾಲಿ ಬಿಡಲು ಒಪ್ಪುವುದಿಲ್ಲ. ಅಲ್ಲಿ ಏನು ಬರೆಯಬೇಕು ಎಂದು ದುಡ್ಡು ಕಟ್ಟುವ ಮುಂಚೆಯೇ ವಿಮಾನ ಸಂಸ್ಥೆಯನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

2. ದೇಶ ಆರಿಸಿ, ಆಸೆ ಸ್ವಲ್ಪ ಕಡಿಮೆ ಮಾಡಿ

ಮೊದಲ ಸಲಕ್ಕೆ ಮೂರೇ ಪ್ರಶ್ನೆ. ನಿಮ್ಮ ಪಾಸ್‌ಪೋರ್ಟ್‌ಗೆ ಅಲ್ಲಿ ವೀಸಾ ಎಷ್ಟು ಸುಲಭ? ಅಲ್ಲಿ ಒಂದು ದಿನ ಕಳೆಯಲು ಎಷ್ಟು ಬೇಕು? ವಿಮಾನ ನಿಲ್ದಾಣದಿಂದ ಊರೊಳಗೆ ರೈಲು ಅಥವಾ ಬಸ್ ಇದೆಯಾ?

ಹೊಸಬರು ನೋಡುವುದು ಟಿಕೆಟ್ ದರ ಒಂದನ್ನೇ. ಟಿಕೆಟ್ ಒಂದು ಸಲದ ಖರ್ಚು, ದಿನದ ಖರ್ಚು ಪ್ರತಿದಿನ ಬರುವಂಥದ್ದು. ಐಸ್‌ಲ್ಯಾಂಡಿಗೋ ಸ್ವಿಟ್ಜರ್ಲೆಂಡಿಗೋ ಅಗ್ಗದ ಟಿಕೆಟ್ ಸಿಕ್ಕರೂ ಅಲ್ಲಿ ಹತ್ತು ದಿನ ಇರುವುದು ಅಗ್ಗವಲ್ಲ. ವಿಯೆಟ್ನಾಂ, ಲಾವೋಸ್, ಜಾರ್ಜಿಯಾದಂಥ ಕಡೆ ಟಿಕೆಟ್ ಸ್ವಲ್ಪ ಜಾಸ್ತಿಯಾದರೂ ಒಟ್ಟು ಲೆಕ್ಕ ಕಡಿಮೆ ಬರಬಹುದು. ಇರುವ ದಿನ ಹೆಚ್ಚಿದಷ್ಟೂ ದಿನದ ಖರ್ಚಿಗೆ ತೂಕ ಹೆಚ್ಚು.

ಒಂದು ದೇಶ, ಒಂದೋ ಎರಡೋ ಊರು. ಎಂಟು ದಿನದಲ್ಲಿ ಐದು ಊರು ನೋಡುವ ಯೋಜನೆ ತಂದವರಿಗೆಲ್ಲ ನಾನು ಮೂರು ಊರು ಹೊಡೆದುಹಾಕಿ ಕೊಟ್ಟಿದ್ದೇನೆ. ಊರು ಬದಲಿಸುವ ಪ್ರತಿ ಸಲವೂ ಅರ್ಧ ದಿನ ಹೋಗುತ್ತದೆ, ಒಂದು ಟಿಕೆಟ್ ಹೆಚ್ಚುತ್ತದೆ, ಒಬ್ಬರೇ ಇರುವಾಗ ಸುಸ್ತೂ ದುಪ್ಪಟ್ಟು. ನಕ್ಷೆಯಲ್ಲಿ ವಿಯೆಟ್ನಾಂ ಸಣ್ಣದಾಗಿ ಕಾಣುತ್ತದೆ ಅಲ್ವಾ? ಹನೋಯ್‌ನಿಂದ ಹೋ ಚಿ ಮಿನ್ಹ್ ನಗರಕ್ಕೆ ರೈಲು ದಾರಿ 1,726 ಕಿ.ಮೀ. ಒಂದು ಹಗಲು, ಒಂದು ರಾತ್ರಿ ದಾಟಿಯೂ ಮುಗಿಯುವುದಿಲ್ಲ.

ದಿನಾಂಕ ಆರಿಸುವಾಗ ಎರಡು ವಿಷಯ ನೋಡಿ. ಒಂದು, ಮಳೆ. ಒಂದೇ ದೇಶದಲ್ಲೂ ಇದು ಬೇರೆ ಬೇರೆ ಇರುತ್ತದೆ: ಥಾಯ್ಲೆಂಡಿನ ಫುಕೆಟ್ ಕಡೆ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆಗಾಲ, ಕೋ ಸಮುಯಿ ದ್ವೀಪದಲ್ಲಿ ಜೋರು ಮಳೆ ಬರುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಇನ್ನೊಂದು, ಅಲ್ಲಿನವರ ರಜೆ. ಜಪಾನಿನಲ್ಲಿ ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ಇಡೀ ದೇಶವೇ ಪ್ರವಾಸ ಹೊರಡುತ್ತದೆ. ಆ ಹೊತ್ತಿಗೆ ಅಗ್ಗದ ರೂಮು ಸಿಗುವುದು ಕಷ್ಟ. ವಿಯೆಟ್ನಾಂನಲ್ಲಿ ತೆತ್ ಹಬ್ಬದ (ಅವರ ಚಾಂದ್ರಮಾನ ಹೊಸ ವರ್ಷ) ದಿನಗಳಲ್ಲಿ ಎಷ್ಟೋ ಅಂಗಡಿ, ಊಟದ ಹೋಟೆಲುಗಳು ಬಾಗಿಲು ಹಾಕಿರುತ್ತವೆ.

3. ದುಡ್ಡಿನ ಲೆಕ್ಕ ಕಾಗದದ ಮೇಲೆ ಬರಲಿ

ನಾಲ್ಕು ಕಾಲಂ ಹಾಕಿ.

ಮೊದಲ ಕಾಲಂ, ಹೊರಡುವ ಮುಂಚೆಯೇ ಹೋಗುವ ದುಡ್ಡು: ವೀಸಾ, ಟಿಕೆಟ್, ವಿಮೆ, ಲಸಿಕೆ ಇದ್ದರೆ ಅದು. ಎರಡನೆಯದು ದಿನದ ಖರ್ಚು: ಮಲಗಲು, ತಿನ್ನಲು, ಓಡಾಡಲು. ಇದನ್ನು ದಿನಗಳಿಂದ ಗುಣಿಸಿ. ಮೂರನೆಯದು ಅಲ್ಲಿ ಒಂದೊಂದೇ ಸಲ ಬರುವ ಖರ್ಚು: ಪ್ರವೇಶ ಟಿಕೆಟ್, ಊರಿಂದೂರಿಗೆ ರೈಲು, ನಿಲ್ದಾಣದ ಬಸ್. ನಾಲ್ಕನೆಯದು ಆಪತ್ತಿನ ಹಣ. ಮೊದಲ ಮೂರರ ಒಟ್ಟು ಮೊತ್ತದ 20 ಪ್ರತಿಶತ ಇಡಿ. ಆದರೆ ಅದು ನಾಳೆಯೇ ಹೊರಡುವ ಒಂದು ಕಡೆಯ ಟಿಕೆಟ್ಟಿನ ದರಕ್ಕಿಂತ ಕಡಿಮೆ ಇರಬಾರದು. ಈ ಹಣವನ್ನು ಬೇರೆ ಖಾತೆಯಲ್ಲಿಡಿ. ಕಣ್ಣಿಗೆ ಬಿದ್ದರೆ ಖರ್ಚಾಗಿಬಿಡುತ್ತದೆ.

ದಿನದ ಖರ್ಚನ್ನು ಯಾರೋ ಹೇಳಿದ ಅಂಕಿಯಿಂದ ಎತ್ತಿಕೊಳ್ಳಬೇಡಿ. ನೀವು ಹೋಗುವ ತಿಂಗಳಿಗೇ ದಿನಾಂಕ ಹಾಕಿ, ವಾರದ ನಡುವಿನ ಒಂದು ರಾತ್ರಿ ಮತ್ತು ಶನಿವಾರದ ಒಂದು ರಾತ್ರಿಗೆ ಹಾಸ್ಟೆಲ್ (ಹಲವು ಪ್ರವಾಸಿಗರು ಒಂದೇ ಕೋಣೆ ಹಂಚಿಕೊಳ್ಳುವ ಅಗ್ಗದ ವಸತಿ) ಹಾಸಿಗೆಯ ದರ ನೋಡಿ. ಎರಡರ ನಡುವೆ ಇರುವ ವ್ಯತ್ಯಾಸ ನಿಮಗೆ ಆಶ್ಚರ್ಯ ತರಬಹುದು. ಆ ಊರಿನ ಮೆಟ್ರೋ ಸಂಸ್ಥೆಯ ತಾಣದಲ್ಲಿ ದಿನದ ಪಾಸ್ ಎಷ್ಟೆಂದು ನೋಡಿ. ಉಳಿಯುವ ಜಾಗದ ಸುತ್ತ ಇರುವ ಸಾಮಾನ್ಯ ಹೋಟೆಲುಗಳನ್ನು ನಕ್ಷೆಯಲ್ಲಿ ತೆರೆದು, ಜನ ಹಾಕಿರುವ ಮೆನು ಫೋಟೋ ಓದಿ. ಅರ್ಧ ಗಂಟೆ ಕೆಲಸ, ಸಿಗುವುದು ನಿಜವಾದ ಅಂಕಿ.

ಹೆಚ್ಚಿನವರು ಬಿಟ್ಟುಬಿಡುವ ಖರ್ಚುಗಳಿವೆ. ಪ್ರವಾಸಿ ತೆರಿಗೆ ಅದರಲ್ಲಿ ಮೊದಲನೆಯದು. ಪ್ಯಾರಿಸ್, ರೋಮ್‌ನಂಥ ಊರುಗಳಲ್ಲಿ ರಾತ್ರಿಗಿಷ್ಟು ಎಂದು ತೆರಿಗೆ ಇದೆ, ಅದನ್ನು ಎಷ್ಟೋ ಸಲ ಹೋಟೆಲ್ ಕೌಂಟರ್‌ನಲ್ಲೇ ಕಟ್ಟಬೇಕು. ಆಮ್‌ಸ್ಟರ್‌ಡಾಮ್‌ನಲ್ಲಿ 2024ರಿಂದ ರೂಮಿನ ದರದ ಮೇಲೆ 12.5 ಪ್ರತಿಶತ. ಬಾಲಿಯಲ್ಲಿ 2024ರ ಫೆಬ್ರುವರಿಯಿಂದ ಪ್ರತಿ ವಿದೇಶಿ ಪ್ರವಾಸಿ 1,50,000 ಇಂಡೊನೇಷ್ಯಾ ರುಪಿಯಾ ಕೊಡಬೇಕು. ಎರಡನೆಯದು ಕಾರ್ಡ್ ಶುಲ್ಕ. ಇಂಟರ್ನೆಟ್ ತೋರಿಸುವ ವಿನಿಮಯ ದರ ನಿಮಗೆ ಸಿಗುವ ದರವಲ್ಲ. ಎಷ್ಟೋ ಕಾರ್ಡುಗಳು ವಿದೇಶಿ ವಹಿವಾಟಿಗೆ 3 ಪ್ರತಿಶತದ ಆಸುಪಾಸು ಹೆಚ್ಚುವರಿ ಹಿಡಿಯುತ್ತವೆ. ಅದನ್ನೂ ಸೇರಿಸಿಯೇ ಲೆಕ್ಕ ಹಾಕಿ.

ಒಟ್ಟು ಮೊತ್ತ ನಿಮ್ಮ ಕೈಯಲ್ಲಿರುವುದಕ್ಕಿಂತ ಜಾಸ್ತಿ ಬಂತಾ? ದಿನ ಕಡಿಮೆ ಮಾಡಿ, ಇಲ್ಲವೇ ದೇಶ ಬದಲಿಸಿ. ಆಪತ್ತಿನ ಹಣಕ್ಕೆ ಮಾತ್ರ ಕೈ ಹಾಕಬೇಡಿ. ಒಬ್ಬರೇ ಹೋದಾಗ ಸಾಲ ಕೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ.

4. ವೀಸಾ, ಟಿಕೆಟ್ಟಿಗಿಂತ ಮುಂಚೆ

ಮೊದಲ ಕೆಲಸ, ಸರಿಯಾದ ತಾಣ ಹುಡುಕುವುದು. ಹುಡುಕಾಟದಲ್ಲಿ ಮೇಲೆ ಬರುವುದು ಎಷ್ಟೋ ಸಲ ಜಾಹೀರಾತು. ಸರ್ಕಾರಿ ತಾಣದಂತೆಯೇ ಕಾಣುವ, ಎರಡು ಮೂರು ಪಟ್ಟು ಶುಲ್ಕ ಹಿಡಿಯುವ ಖಾಸಗಿ ತಾಣಗಳು ಬೇಕಾದಷ್ಟಿವೆ. ಆ ದೇಶದ ರಾಯಭಾರ ಕಚೇರಿಯ ಪುಟಕ್ಕೆ ಹೋಗಿ, ಅಲ್ಲಿ ಕೊಟ್ಟಿರುವ ಕೊಂಡಿಯಿಂದಲೇ ಅರ್ಜಿ ತೆರೆಯಿರಿ. ಥಾಯ್ಲೆಂಡ್, ಮಲೇಷ್ಯಾ, ಸಿಂಗಪುರಕ್ಕೆ ಇಳಿಯುವ ಮುಂಚಿನ 3 ದಿನಗಳಲ್ಲಿ ತುಂಬಬೇಕಾದ ಡಿಜಿಟಲ್ ಆಗಮನ ಕಾರ್ಡ್ ಪೂರ್ತಿ ಉಚಿತ. ಅದಕ್ಕೆ ದುಡ್ಡು ಕೇಳಿದರೆ ನೀವು ತಪ್ಪು ತಾಣದಲ್ಲಿದ್ದೀರಿ.

ಷೆಂಗೆನ್ ವೀಸಾವನ್ನು ಉದಾಹರಣೆಗೆ ನೋಡೋಣ, ಮಿಕ್ಕವೂ ಹೆಚ್ಚು ಕಡಿಮೆ ಇದೇ ಜಾಡು. ಹೊರಡುವುದಕ್ಕೆ 6 ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಕೊನೇ ಗಡುವು 15 ದಿನ ಮುಂಚೆ. ಸಾಮಾನ್ಯವಾಗಿ 15 ದಿನದಲ್ಲಿ ತೀರ್ಮಾನ ಬರುತ್ತದೆ, ಹೆಚ್ಚು ಪರಿಶೀಲನೆ ಬೇಕಾದರೆ 45 ದಿನದವರೆಗೂ ಹೋಗಬಹುದು. ಜೊತೆಗೆ ಅರ್ಜಿ ಕೊಡಲು ದಿನ ಸಿಗುವುದೇ ತಡ. ಹಾಗಾಗಿ ಎರಡು ಮೂರು ತಿಂಗಳು ಮುಂಚೆಯೇ ಹಾಕುವುದು ಲೇಸು. ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೇ ಅರ್ಜಿ. ದಿನಗಳು ಸಮ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ. ಬೇಗ ದಿನ ಸಿಗುತ್ತದೆಂದು ಬೇರೆ ದೇಶಕ್ಕೆ ಹಾಕಿದರೆ ತಿರಸ್ಕಾರಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ.

ವೀಸಾ ಕೈಗೆ ಬಂದ ಮೇಲೂ ತಪ್ಪು ಆಗುತ್ತದೆ. ಸ್ಟಿಕರ್ ಮೇಲೆ ಎರಡು ಬೇರೆ ಸಂಗತಿ ಇರುತ್ತವೆ: ವೀಸಾ ನಡೆಯುವ ದಿನಾಂಕಗಳು, ಮತ್ತು ಇರಬಹುದಾದ ದಿನಗಳ ಸಂಖ್ಯೆ. ಜೂನ್ 1ರಿಂದ 30ರವರೆಗೆ ಎಂದು ಬರೆದು, ಪಕ್ಕದಲ್ಲಿ 10 ದಿನ ಎಂದಿದ್ದರೆ ನಿಮಗೆ ಸಿಕ್ಕಿರುವುದು 10 ದಿನ ಮಾತ್ರ. ಒಳಗೆ ಬಂದ ದಿನ, ಹೊರಗೆ ಹೋದ ದಿನ ಎರಡೂ ಎಣಿಕೆಗೆ ಬರುತ್ತವೆ. ಎಷ್ಟು ಸಲ ಒಳಗೆ ಹೋಗಬಹುದು ಅನ್ನುವುದನ್ನೂ ನೋಡಿ. ಒಂದೇ ಪ್ರವೇಶದ ವೀಸಾ ಇಟ್ಟುಕೊಂಡು ನಡುವೆ ಪಕ್ಕದ ದೇಶಕ್ಕೆ ಹೋಗಿಬಂದರೆ ಗಡಿಯಲ್ಲೇ ನಿಲ್ಲಬೇಕಾಗುತ್ತದೆ.

ಕೆಲವು ದೇಶಗಳವರಿಗೆ ಅಮೆರಿಕದ ಎಸ್ಟಾ, ಬ್ರಿಟನ್ನಿನ ಇಟಿಎ, ಕೆನಡಾದ ಇಟಿಎ ತರಹದ ಆನ್‌ಲೈನ್ ಅನುಮತಿ ಸಾಕು. ಇವು ಪಾಸ್‌ಪೋರ್ಟ್ ಸಂಖ್ಯೆಗೆ ಅಂಟಿಕೊಂಡಿರುತ್ತವೆ. ಪಾಸ್‌ಪೋರ್ಟ್ ಹೊಸದಾದರೆ ಅನುಮತಿಯೂ ಹೊಸದಾಗಿ ಬೇಕು.

ವೀಸಾಕ್ಕೆ ಟಿಕೆಟ್ ತೋರಿಸಬೇಕಲ್ಲ ಅನ್ನುತ್ತೀರಾ? ಹೆಚ್ಚಿನ ಕಡೆ ಪ್ರಯಾಣದ ಕಾಯ್ದಿರಿಸುವಿಕೆ ಸಾಕು, ದುಡ್ಡು ಕಟ್ಟಿದ ಟಿಕೆಟ್ ಬೇಡ. ರೂಮನ್ನು ಉಚಿತವಾಗಿ ರದ್ದು ಮಾಡಬಹುದಾದ ಷರತ್ತಿನಲ್ಲಿ ಹಿಡಿಯಿರಿ. ಬ್ಯಾಂಕ್ ಖಾತೆಗೆ ಅರ್ಜಿಯ ಹಿಂದಿನ ವಾರ ಒಟ್ಟಿಗೇ ದೊಡ್ಡ ಮೊತ್ತ ಹಾಕಬೇಡಿ, ಅಧಿಕಾರಿಯ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ‘ವೀಸಾ ಗ್ಯಾರಂಟಿ’ ಅನ್ನುವವರು, ಇಲ್ಲದ ಹೋಟೆಲಿನ ರಸೀದಿ ಮಾಡಿಕೊಡುವವರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. ಸುಳ್ಳು ಕಾಗದ ಸಿಕ್ಕಿಬಿದ್ದರೆ ಪ್ರವಾಸ ತಪ್ಪುವುದಷ್ಟೇ ಅಲ್ಲ, ಮುಂದಿನ ವರ್ಷಗಳ ಅರ್ಜಿಗಳಿಗೂ ಅದು ಅಡ್ಡ ನಿಲ್ಲುತ್ತದೆ.

5. ಈಗ ಟಿಕೆಟ್

ದರ ಹೋಲಿಸಲು ಹುಡುಕಾಟದ ತಾಣ ಬಳಸಿ, ಕೊಳ್ಳುವುದನ್ನು ವಿಮಾನ ಸಂಸ್ಥೆಯ ತಾಣದಿಂದಲೇ ಮಾಡಿ. ನಡುವೆ ಇನ್ನೊಬ್ಬರಿದ್ದರೆ ವಿಮಾನ ರದ್ದಾದ ದಿನ ಇವರನ್ನು ಕೇಳಿ ಎಂದು ಅವರು, ಅವರನ್ನು ಕೇಳಿ ಎಂದು ಇವರು ಹೇಳುತ್ತಾರೆ. ನಿಲ್ದಾಣದಲ್ಲಿ ಒಬ್ಬರೇ ನಿಂತಿರುವಾಗ ಆ ತಲೆನೋವು ಬೇಡ.

ಟಿಕೆಟ್ ದರಕ್ಕೆ ಬ್ಯಾಗಿನ ಶುಲ್ಕ ಮತ್ತು ನಿಲ್ದಾಣದಿಂದ ಊರಿಗೆ ಹೋಗುವ ಖರ್ಚು ಕೂಡಿಸಿಯೇ ಹೋಲಿಸಿ. ಪ್ಯಾರಿಸ್ ಎಂದು ಹೆಸರಿಟ್ಟುಕೊಂಡ ಬೋವೆ ನಿಲ್ದಾಣ ಊರಿನಿಂದ ಸುಮಾರು 85 ಕಿ.ಮೀ. ದೂರ. ಟೋಕಿಯೋದ ನರಿಟಾ 60 ಕಿ.ಮೀ. ಆಚೆ, ಹನೇಡಾ ಊರಿಗೆ ಹತ್ತಿರ. ಬ್ಯಾಂಕಾಕಿನಲ್ಲಿ ಎರಡು ನಿಲ್ದಾಣ, ಇಸ್ತಾನ್‌ಬುಲ್‌ನಲ್ಲೂ ಎರಡು, ಅವುಗಳಲ್ಲಿ ಒಂದು ಯುರೋಪಿನಲ್ಲಿ, ಇನ್ನೊಂದು ಏಷ್ಯಾದಲ್ಲಿ. ಇಳಿಯುವುದು ಒಂದರಲ್ಲಿ, ಮುಂದಿನ ವಿಮಾನ ಇನ್ನೊಂದರಿಂದ ಅಂತಾದರೆ ಅಗ್ಗದ ಟಿಕೆಟ್ ಅಗ್ಗವಾಗಿ ಉಳಿಯುವುದಿಲ್ಲ. ಬಜೆಟ್ ವಿಮಾನಗಳಲ್ಲಿ ಇನ್ನೊಂದು ಮಾತು: ಆನ್‌ಲೈನ್ ಚೆಕ್‌ಇನ್ ಮಾಡದೆ ಕೌಂಟರಿಗೆ ಹೋದರೆ ಕೆಲವು ಸಂಸ್ಥೆಗಳು ಅದಕ್ಕೂ ಶುಲ್ಕ ಹಾಕುತ್ತವೆ.

ಅತಿ ದೊಡ್ಡ ಬಲೆ ಎಂದರೆ ಬೇರೆ ಬೇರೆ ಕೊಂಡ ಎರಡು ಟಿಕೆಟ್‌ಗಳನ್ನು ಜೋಡಿಸುವುದು. ಒಂದೇ ಟಿಕೆಟ್ಟಿನಲ್ಲಿ ಎರಡು ವಿಮಾನ ಇದ್ದರೆ, ಮೊದಲನೆಯದು ತಡವಾದಾಗ ಮುಂದಿನದಕ್ಕೆ ಹತ್ತಿಸುವ ಹೊಣೆ ಅವರದು. ಬೇರೆ ಬೇರೆ ಕೊಂಡಿದ್ದರೆ ಆ ಹೊಣೆ ನಿಮ್ಮದೇ. ಜೊತೆಗೆ ನಡುವಿನ ದೇಶದಲ್ಲಿ ಹೊರಗೆ ಬಂದು, ಬ್ಯಾಗ್ ತೆಗೆದುಕೊಂಡು, ಮತ್ತೆ ಚೆಕ್‌ಇನ್ ಮಾಡಬೇಕಾಗಬಹುದು. ಹೊರಗೆ ಬರಲು ಆ ದೇಶದ ವೀಸಾ ಬೇಕು! ಇದನ್ನು ನೋಡದೆ ಹೋಗಿ, ಹೊರಡುವ ಊರಿನಲ್ಲೇ ವಿಮಾನ ಹತ್ತಲಾಗದೆ ಮರಳಿದವರನ್ನು ನಾನು ಬಲ್ಲೆ. ಮೊದಲ ಪ್ರವಾಸಕ್ಕೆ ಹೋಗಿ ಬರುವುದೆಲ್ಲ ಒಂದೇ ಟಿಕೆಟ್ಟಿನಲ್ಲಿ ಇರಲಿ.

ಮಧ್ಯರಾತ್ರಿಯ ವಿಮಾನಗಳ ವಿಷಯದಲ್ಲಿ ದಿನಾಂಕ ಎರಡೆರಡು ಸಲ ಓದಿ. 15ರ 00:40 ಎಂದರೆ 14ರ ರಾತ್ರಿಯೇ ಮನೆ ಬಿಡಬೇಕು. ನಾನು ಒಮ್ಮೆ ಇದರಲ್ಲಿ ಎಡವಿ ಇಡೀ ಟಿಕೆಟ್ ಕಳೆದುಕೊಂಡಿದ್ದೇನೆ. ಅಂದಿನಿಂದ ಲೆಕ್ಕದ ಪುಸ್ತಕದಲ್ಲಿ ವಿಮಾನದ ಹೊತ್ತಿನ ಬದಲು ‘ಮನೆ ಬಿಡುವ ದಿನ, ಗಂಟೆ’ ಎಂದು ಬರೆದಿಡುತ್ತೇನೆ.

ಹೊಸ ಊರಿಗೆ ಹಗಲಿನಲ್ಲಿ ಇಳಿಯುವ ವಿಮಾನ ಆರಿಸಿ. ರಾತ್ರಿ ಎರಡಕ್ಕೆ ಇಳಿದರೆ ಮೆಟ್ರೋ ಇರುವುದಿಲ್ಲ, ಟ್ಯಾಕ್ಸಿಯವರು ಕೇಳಿದ್ದೇ ದರ, ತಲೆಯೂ ಓಡುವುದಿಲ್ಲ. ಕೊಂಡ ತಕ್ಷಣ ಹೆಸರು, ದಿನಾಂಕ ಪರೀಕ್ಷಿಸಿ. ಕೆಲವು ಗಂಟೆಗಳೊಳಗಾದರೆ ತಪ್ಪು ತಿದ್ದುವುದು ಸುಲಭ.

6. ಮಲಗುವ ಜಾಗ

ಎಷ್ಟು ಅಗ್ಗ ಅನ್ನುವುದಕ್ಕಿಂತ ಎಲ್ಲಿದೆ ಅನ್ನುವುದು ಮುಖ್ಯ. ಮೆಟ್ರೋ ಅಥವಾ ಬಸ್ ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆ, ರಾತ್ರಿ ಬೆಳಕಿರುವ ದಾರಿ. ಊರ ಹೊರಗಿನ ಅಗ್ಗದ ರೂಮಿನಲ್ಲಿ ಉಳಿಸಿದ ದುಡ್ಡು ಟ್ಯಾಕ್ಸಿಗೆ ಹೋಗುತ್ತದೆ. ಮೊದಲ ಎರಡು ರಾತ್ರಿಯನ್ನು ಪಕ್ಕಾ ಮಾಡಿ, ಮಿಕ್ಕದ್ದನ್ನು ರದ್ದು ಮಾಡಬಹುದಾದ ಷರತ್ತಿನಲ್ಲೇ ಇಡಿ.

ವಿಮರ್ಶೆ ಓದುವಾಗ ಹೊಗಳಿದ್ದನ್ನು ಬಿಟ್ಟು, ಕಳೆದ ಮೂರು ತಿಂಗಳಲ್ಲಿ ಬಂದ ಕೆಟ್ಟ ವಿಮರ್ಶೆಗಳನ್ನು ಓದಿ. ತಿಂಡಿ ಚೆನ್ನಾಗಿಲ್ಲ ಅಂದಿದ್ದರೆ ಪರವಾಗಿಲ್ಲ. ತಿಗಣೆ, ಕಳವು, ಮುರಿದ ಬೀಗ, ಸಿಬ್ಬಂದಿಯ ಕೆಟ್ಟ ವರ್ತನೆ, ಇವುಗಳಲ್ಲಿ ಯಾವುದಾದರೂ ಎರಡು ಸಲ ಕಂಡರೆ ಬೇರೆ ಜಾಗ ನೋಡಿ. ಹಾಸ್ಟೆಲ್ ಆದರೆ ಲಾಕರ್ ಇದೆಯಾ, ರಾತ್ರಿಯೂ ಕೌಂಟರ್‌ನಲ್ಲಿ ಜನ ಇರುತ್ತಾರಾ, ಮಹಿಳೆಯರಿಗೇ ಬೇರೆ ಕೋಣೆ ಇದೆಯಾ ಎಂದು ನೋಡಿ. ಬೀಗ ನಿಮ್ಮದೇ ಒಯ್ಯಿರಿ. ಬುಕಿಂಗ್ ಆದ ಮೇಲೆ ‘ಕಾರ್ಡ್ ಪರಿಶೀಲನೆಗೆ ಈ ಲಿಂಕ್ ಒತ್ತಿ’ ಎಂದೋ, ‘ದುಡ್ಡನ್ನು ನೇರವಾಗಿ ನನ್ನ ಖಾತೆಗೆ ಹಾಕಿ’ ಎಂದೋ ಸಂದೇಶ ಬಂದರೆ ಅದು ಮೋಸದ ಗುರುತು.

7. ವಿಮೆ ಮತ್ತು ಔಷಧ

ವಿಮೆ ಬಿಟ್ಟು ಬಜೆಟ್ ಉಳಿಸುವವರನ್ನು ನೋಡಿದರೆ ನನಗೆ ನಿಜವಾಗಿಯೂ ಭಯವಾಗುತ್ತದೆ. ಆಸ್ಪತ್ರೆ ವೆಚ್ಚ ಮತ್ತು ಕಾಯಿಲೆಯಲ್ಲಿ ಮನೆಗೆ ಸಾಗಿಸುವ ವೆಚ್ಚ, ಎರಡೂ ಸೇರಿರಲಿ. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ರಕ್ಷಣೆ ಕಡ್ಡಾಯ. ಪಾಲಿಸಿಯಲ್ಲಿ ಏನೆಲ್ಲ ಸೇರಿಲ್ಲ ಅನ್ನುವ ಪುಟವನ್ನೇ ಮೊದಲು ಓದಿ. ಬಾಡಿಗೆ ಸ್ಕೂಟರ್ ಅಪಘಾತ ಇಲ್ಲಿ ದೊಡ್ಡ ಸಮಸ್ಯೆ. ಆ ವಾಹನಕ್ಕೆ ಸರಿಯಾದ ಲೈಸೆನ್ಸ್ ಇಲ್ಲದಿದ್ದರೆ ವಿಮೆ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಹೊರಡುವ ಮುಂಚೆ ನಿಮ್ಮ ದೇಶದಲ್ಲೇ ಮಾಡಿಸಬೇಕು. ಇದರಲ್ಲೂ 1949ರ ಜಿನೀವಾ ಒಪ್ಪಂದದ್ದು, 1968ರ ವಿಯೆನ್ನಾ ಒಪ್ಪಂದದ್ದು ಎಂದು ಎರಡು ಬಗೆ ಇವೆ. ಜಪಾನ್ ಒಪ್ಪುವುದು 1949ರದ್ದನ್ನು ಮಾತ್ರ.

ನಿಮ್ಮೂರಿನಲ್ಲಿ ಸುಮ್ನೆ ಸಿಗುವ ಔಷಧ ಇನ್ನೊಂದು ದೇಶದಲ್ಲಿ ನಿಷೇಧಿತ ಆಗಿರಬಹುದು. ಸೂಡೊಎಫೆಡ್ರಿನ್ 10 ಪ್ರತಿಶತಕ್ಕಿಂತ ಜಾಸ್ತಿ ಇರುವ ನೆಗಡಿ ಮಾತ್ರೆಯನ್ನು ಜಪಾನಿಗೆ ಒಯ್ಯುವಂತಿಲ್ಲ. ಟ್ರಮಡಾಲ್, ಕೊಡೀನ್ ಇರುವ ನೋವಿನ ಮಾತ್ರೆಗೆ ಯುಎಇಯಲ್ಲಿ ಮುಂಚೆಯೇ ಅನುಮತಿ ಬೇಕು. ಮಾತ್ರೆಗಳು ಮೂಲ ಪೊಟ್ಟಣದಲ್ಲೇ ಇರಲಿ, ಜೊತೆಗೆ ವೈದ್ಯರ ಚೀಟಿ. ಹಳದಿ ಜ್ವರದ ಲಸಿಕೆ ಬೇಕಾದ ದೇಶವಾದರೆ, ಪ್ರಮಾಣಪತ್ರ ನಡೆಯುವುದು ಚುಚ್ಚಿಸಿಕೊಂಡ 10 ದಿನದ ನಂತರವೇ. ಒಮ್ಮೆ ಹಾಕಿಸಿದರೆ ಆ ಪತ್ರ ಜೀವನಪರ್ಯಂತ ನಡೆಯುತ್ತದೆ, ಈ ನಿಯಮ 2016ರಿಂದ ಇದೆ.

8. ಕಾರ್ಡ್, ನಗದು, ಫೋನ್

ಎರಡು ಕಾರ್ಡ್, ಎರಡು ಬೇರೆ ಬ್ಯಾಂಕಿನವು, ಎರಡು ಬೇರೆ ಜಾಗದಲ್ಲಿ. ಒಂದು ಜೇಬಿನಲ್ಲಿ, ಇನ್ನೊಂದು ಬ್ಯಾಗಿನ ಒಳಗೆ. ಪರ್ಸ್ ಕಳೆದ ದಿನ ಈ ಒಂದೇ ಕ್ರಮ ನಿಮ್ಮನ್ನು ಉಳಿಸುತ್ತದೆ. ವಿದೇಶಿ ಬಳಕೆಯನ್ನು ಮನೆಯಲ್ಲೇ ಆನ್ ಮಾಡಿ.

ಹೊಸಬರು ಜಾಸ್ತಿ ಸಿಕ್ಕಿಬೀಳುವುದು ಒಟಿಪಿಯಲ್ಲಿ. ಅಲ್ಲಿ ಇಳಿದು ಹೊಸ ಸಿಮ್ ಹಾಕುತ್ತಾರೆ, ಹಳೇ ಸಿಮ್ ತೆಗೆದಿಡುತ್ತಾರೆ. ರೈಲು ಟಿಕೆಟ್ಟಿಗೆ ದುಡ್ಡು ಕಟ್ಟಲು ಹೋದರೆ ಒಟಿಪಿ ಹಳೇ ನಂಬರಿಗೆ ಹೋಗಿರುತ್ತದೆ. ಹಾಗಾಗಿ ಹಳೇ ಸಿಮ್ ಫೋನಿನಲ್ಲೇ ಇರಲಿ, ಅದರಲ್ಲಿ ರೋಮಿಂಗ್ ಸಂದೇಶ ಬರುವಂತೆ ಮಾಡಿಸಿ, ಡೇಟಾ ಮಾತ್ರ ಆಫ್ ಮಾಡಿ. ಡೇಟಾಕ್ಕೆ ಇ-ಸಿಮ್ (ಕಾರ್ಡ್ ಇಲ್ಲದೆ ಫೋನಿನೊಳಗೇ ಸೇರುವ ಸಿಮ್) ಹಾಕಿಕೊಳ್ಳಿ. ನಿಮ್ಮ ಫೋನ್ ಇ-ಸಿಮ್ ಹಿಡಿಯುತ್ತದಾ ಎಂದು ನೋಡಿ, ಮನೆಯ ವೈಫೈನಲ್ಲೇ ಕೂಡಿಸಿಟ್ಟುಕೊಳ್ಳಿ.

ಕಾರ್ಡ್ ಉಜ್ಜುವಾಗ ಯಂತ್ರ ‘ನಿಮ್ಮ ದೇಶದ ಹಣದಲ್ಲಿ ಕಟ್ಟುತ್ತೀರಾ?’ ಎಂದು ಕೇಳುತ್ತದೆ. ಪ್ರತಿ ಸಲ ಬೇಡ ಎನ್ನಿ. ಅಲ್ಲಿನ ಹಣವನ್ನೇ ಆರಿಸಿ. ನಿಮ್ಮ ಹಣದಲ್ಲಿ ತೋರಿಸುವ ದರದಲ್ಲಿ ಅವರ ಲಾಭವೂ ಸೇರಿರುತ್ತದೆ. ಎಟಿಎಂನಲ್ಲೂ ಇದೇ ಪ್ರಶ್ನೆ, ಇದೇ ಉತ್ತರ. ನಗದು ತೆಗೆಯುವಾಗ ಪದೇ ಪದೇ ಸ್ವಲ್ಪ ಸ್ವಲ್ಪ ಬೇಡ, ಪ್ರತಿ ಸಲವೂ ಶುಲ್ಕ ಬೀಳುತ್ತದೆ. ನಿಲ್ದಾಣದಲ್ಲಿ ಊರು ಸೇರಲು ಬೇಕಾದಷ್ಟು ಮಾತ್ರ ಬದಲಿಸಿಕೊಳ್ಳಿ. ಡಾಲರ್ ಒಯ್ಯುವುದಾದರೆ ನೋಟು ಶುಭ್ರವಾಗಿರಲಿ. ಕಾಂಬೋಡಿಯಾದಂಥ ಕಡೆ ಹರಿದ, ಗೀಚಿದ ನೋಟು ಯಾರೂ ಮುಟ್ಟುವುದಿಲ್ಲ.

ನಕ್ಷೆ ಮತ್ತು ಅನುವಾದದ ಭಾಷೆಯನ್ನು ಇಂಟರ್ನೆಟ್ ಇಲ್ಲದೆಯೂ ತೆರೆಯುವಂತೆ ಇಳಿಸಿಕೊಳ್ಳಿ. ಚೀನಾಕ್ಕೆ ಹೋಗುವವರಿಗೆ ಅಲ್ಲಿನ ನೆಟ್‌ವರ್ಕ್‌ನಲ್ಲಿ ಗೂಗಲ್ ಸೇವೆ ಸಿಗುವುದಿಲ್ಲ ಅನ್ನುವುದು ಮುಂಚೆಯೇ ಗೊತ್ತಿರಲಿ. ಉಳಿಯುವ ಜಾಗದ ವಿಳಾಸವನ್ನು ಆ ದೇಶದ ಲಿಪಿಯಲ್ಲೇ ಸ್ಕ್ರೀನ್‌ಶಾಟ್ ಮಾಡಿ, ಕಾಗದದ ಮೇಲೂ ಒಂದು ಪ್ರತಿ ಇಡಿ. ಫೋನ್ ಸತ್ತಾಗ ಟ್ಯಾಕ್ಸಿಯವರಿಗೆ ತೋರಿಸಲು ಅದೊಂದೇ ಸಾಕು.

9. ಬ್ಯಾಗ್

ಒಬ್ಬರೇ ಹೋಗುವವರು ತಾವೇ ಎತ್ತಿಕೊಂಡು ಮೂರು ಮಹಡಿ ಹತ್ತಬಲ್ಲಷ್ಟು ಮಾತ್ರ ಒಯ್ಯಬೇಕು. ಎಷ್ಟೋ ಬಜೆಟ್ ವಿಮಾನಗಳಲ್ಲಿ ಕೈಚೀಲದ ಮಿತಿ 7 ಕೆ.ಜಿ. ತುಂಬಿದ ಮೇಲೆ ತೂಕ ನೋಡಿ.

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಸರಕಿಗೆ ಹಾಕುವ ಬ್ಯಾಗಿನಲ್ಲಿ ನಿಷಿದ್ಧ. ಮಿತಿ 100 ವ್ಯಾಟ್-ಅವರ್. ಅದರ ಮೇಲೆ ಬರೆದಿರುವ ಎಂಎಎಚ್ (mAh) ಸಂಖ್ಯೆಯನ್ನು 1000ದಿಂದ ಭಾಗಿಸಿ 3.7ರಿಂದ ಗುಣಿಸಿ: 20,000 ಇದ್ದರೆ 74, ಸರಿ. ಮೇಲೆ ಬರೆದ ಅಂಕಿ ಅಳಿಸಿಹೋಗಿದ್ದರೆ ಕಿತ್ತುಕೊಳ್ಳಬಹುದು. ದ್ರವಗಳು 100 ಎಂ.ಎಲ್. ಬಾಟಲಿಗಳಲ್ಲಿ, ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ ಇರಲಿ. ಕೆಲವು ನಿಲ್ದಾಣಗಳು ಈಗ ಸಡಿಲ ಮಾಡಿವೆ, ಆದರೆ ವಾಪಸ್ ಬರುವ ನಿಲ್ದಾಣ ಮಾಡಿರಬೇಕಲ್ಲ.

ಚಾರ್ಜರ್ ಮೇಲೆ 100-240 ವೋಲ್ಟ್ ಎಂದಿದ್ದರೆ ಪ್ಲಗ್ ಅಡಾಪ್ಟರ್ ಒಂದು ಸಾಕು. ಕೂದಲು ಒಣಗಿಸುವ ಯಂತ್ರದಂಥವು ಬೇಡ. ಜಪಾನಿನಲ್ಲಿ 100 ವೋಲ್ಟ್, ಅಮೆರಿಕದಲ್ಲಿ 120, ಬೇರೆ ಎಷ್ಟೋ ಕಡೆ 230.

10. ಇಳಿದ ಮೊದಲ ಕೆಲವು ಗಂಟೆ

ವಲಸೆ ಕೌಂಟರಿಗೆ ಹೋಗುವ ಮುಂಚೆ ನಾಲ್ಕು ಕಾಗದ ಕೈಯಲ್ಲಿರಲಿ: ವಾಪಸ್ ಟಿಕೆಟ್, ಉಳಿಯುವ ವಿಳಾಸ, ವಿಮೆ, ದುಡ್ಡಿಗೆ ಪುರಾವೆ. ಅಧಿಕಾರಿ ಕೇಳಿದಷ್ಟಕ್ಕೆ ನಿಜ ಹೇಳಿ. ಎಷ್ಟು ದಿನ, ಎಲ್ಲಿ, ಯಾಕೆ. ಭಯಕ್ಕೆ ಉದ್ದುದ್ದ ಕಥೆ ಹೇಳಬೇಡಿ. ಒಬ್ಬರೇ ಬಂದಿದ್ದೀರಾ ಎಂದು ಎರಡು ಸಲ ಕೇಳಬಹುದು, ಅದು ಮಾಮೂಲು ಪ್ರಶ್ನೆ. ಮುದ್ರೆ ಹಾಕುವ ದೇಶವಾದರೆ ಅಲ್ಲೇ ನಿಂತು ದಿನಾಂಕ ಓದಿ. ತಪ್ಪಿದ್ದರೆ ತಿದ್ದಿಸುವ ಜಾಗ ಅದೇ.

ಹೊರಗೆ ಬರುವ ಮುಂಚೆ, ಒಳಗಿನ ವೈಫೈ ಇರುವಾಗಲೇ, ಇ-ಸಿಮ್ ಓಡುತ್ತಿದೆಯಾ ನೋಡಿ, ಮನೆಗೆ ಒಂದು ಸಂದೇಶ ಕಳಿಸಿ. ‘ಟ್ಯಾಕ್ಸಿ?’ ಎಂದು ಪಕ್ಕಕ್ಕೆ ಬಂದು ಕೇಳುವವರ ಹಿಂದೆ ಹೋಗಬೇಡಿ. ಫಲಕ ಹುಡುಕಿ, ರೈಲಿಗೋ ಅಧಿಕೃತ ಸಾಲಿಗೋ ಹೋಗಿ. ಆ ದಿನ ನೋಡುವ ಕಾರ್ಯಕ್ರಮ ಏನೂ ಇಟ್ಟುಕೊಳ್ಳಬೇಡಿ. ರೂಮಿನ ಸುತ್ತ ಒಂದು ಸುತ್ತು ನಡೆದು ಅಂಗಡಿ, ಔಷಧಿ ಅಂಗಡಿ, ಮೆಟ್ರೋ ಬಾಗಿಲು ಎಲ್ಲಿವೆ ನೋಡಿಕೊಂಡರೆ ಸಾಕು.

11. ಬೀದಿಯಲ್ಲಿ ಎಚ್ಚರಿಕೆಯ ಗುರುತುಗಳು

ಮೋಸದ ಮುಖ ಬೇರೆ ಬೇರೆ, ನಡೆ ಒಂದೇ: ನೀವು ಕೇಳದೆ ಯಾರೋ ಸಹಾಯಕ್ಕೆ ಬರುತ್ತಾರೆ, ಆಮೇಲೆ ಅವಸರ ಮಾಡುತ್ತಾರೆ. ಬ್ಯಾಂಕಾಕಿನ ಅರಮನೆಯ ಹತ್ತಿರ ‘ಇವತ್ತು ಮುಚ್ಚಿದೆ, ಬೇರೆ ಕಡೆ ಕರೆದುಕೊಂಡು ಹೋಗುತ್ತೇನೆ’ ಅನ್ನುತ್ತಾರೆ. ಪ್ಯಾರಿಸ್‌ನ ಸಾಕ್ರೆ ಕೇರ್ ಚರ್ಚಿನ ಮೆಟ್ಟಿಲ ಬಳಿ ಕೈಗೆ ದಾರ ಕಟ್ಟಿ ದುಡ್ಡು ಕೇಳುತ್ತಾರೆ. ಬೀಜಿಂಗ್, ಶಾಂಘೈಯಲ್ಲಿ ಇಂಗ್ಲಿಷ್ ಅಭ್ಯಾಸ ಮಾಡೋಣ ಎಂದು ಚಹಾ ಅಂಗಡಿಗೆ ಕರೆದೊಯ್ದು ದೊಡ್ಡ ಬಿಲ್ ಕೊಡುತ್ತಾರೆ. ಪೊಲೀಸ್ ಎಂದು ಹೇಳಿಕೊಂಡು ಪರ್ಸ್ ತೋರಿಸಿ ಅಂದರೆ, ಠಾಣೆಗೆ ಹೋಗಿ ತೋರಿಸುತ್ತೇನೆ ಎನ್ನಿ.

ದಿನವೂ ಒಂದೇ ಹೊತ್ತಿಗೆ ಮನೆಯ ಒಬ್ಬರಿಗೆ ಸಂದೇಶ ಹಾಕುವ ಒಪ್ಪಂದ ಮಾಡಿಕೊಳ್ಳಿ. ಸಂದೇಶ ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದೂ ಅವರ ಬಳಿ ಬರೆದಿರಲಿ. ರೂಮಿನ ಹೆಸರನ್ನು, ಒಬ್ಬರೇ ಇದ್ದೇನೆ ಅನ್ನುವುದನ್ನು ದಾರಿಯಲ್ಲಿ ಸಿಕ್ಕವರಿಗೆ ಹೇಳಬೇಕಾಗಿಲ್ಲ. ಪ್ರತಿ ರಾತ್ರಿ ಮಲಗುವ ಮುಂಚೆ ಆ ದಿನದ ಖರ್ಚು ಬರೆಯಿರಿ. ಮೂರನೇ ದಿನಕ್ಕೇ ಲೆಕ್ಕ ಮೀರಿದ್ದರೆ ಅವತ್ತೇ ತಿದ್ದಿಕೊಳ್ಳಬಹುದು. ಏಳನೇ ದಿನ ಗೊತ್ತಾದರೆ ತಿದ್ದಲು ದಿನಗಳೇ ಇರುವುದಿಲ್ಲ.

12. ಪಾಸ್‌ಪೋರ್ಟ್ ಕಳೆದರೆ, ಬೇರೆ ಆಪತ್ತು ಬಂದರೆ

ಸರದಿ ಇಲ್ಲೂ ಇದೆ. ಮೊದಲು ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟು ಅದರ ಪ್ರತಿ ತೆಗೆದುಕೊಳ್ಳಿ. ಅದಿಲ್ಲದೆ ವಿಮೆಯೂ ಸಿಗದು, ರಾಯಭಾರ ಕಚೇರಿಯ ಕೆಲಸವೂ ನಿಧಾನ. ಎರಡನೆಯದು, ನಿಮ್ಮ ದೇಶದ ರಾಯಭಾರ ಕಚೇರಿ. ಪಾಸ್‌ಪೋರ್ಟಿನ ನಕಲು ಮತ್ತು ಎರಡು ಫೋಟೋ ಇದ್ದರೆ ತುರ್ತು ಪ್ರಯಾಣ ಪತ್ರ ಬೇಗ ಸಿಗುತ್ತದೆ. ಮೂರನೆಯದನ್ನು ಎಷ್ಟೋ ಜನ ಮರೆಯುತ್ತಾರೆ: ವೀಸಾ ಕಳೆದ ಪಾಸ್‌ಪೋರ್ಟಿನಲ್ಲೇ ಇತ್ತು. ಕೆಲವು ದೇಶಗಳಲ್ಲಿ ಹೊರಗೆ ಹೋಗಲು ವಲಸೆ ಕಚೇರಿಯಿಂದ ಬೇರೆ ಅನುಮತಿ ಬೇಕು. ವಾಪಸ್ ಟಿಕೆಟ್ಟಿನ ದಿನ ಬದಲಿಸುವುದು ಇಷ್ಟೆಲ್ಲ ಆದ ಮೇಲೆ.

ನಿಮ್ಮನ್ನು ಬಂಧಿಸಿದರೆ ನಿಮ್ಮ ದೇಶದ ಕಚೇರಿಗೆ ತಿಳಿಸಿ ಎಂದು ಕೇಳುವ ಹಕ್ಕು 1963ರ ವಿಯೆನ್ನಾ ದೂತಾವಾಸ ಒಪ್ಪಂದದಲ್ಲಿದೆ. ಆ ಕಚೇರಿ ವಕೀಲರ ಪಟ್ಟಿ ಕೊಡಬಹುದು, ಮನೆಗೆ ಸುದ್ದಿ ಮುಟ್ಟಿಸಬಹುದು. ನಿಮ್ಮ ಬಿಲ್ ಕಟ್ಟುವ ಕೆಲಸ ಅವರದಲ್ಲ. ಆಸ್ಪತ್ರೆ ಸೇರಿದರೆ ಮೊದಲ ದಿನವೇ ವಿಮೆಯ 24 ಗಂಟೆಯ ನಂಬರಿಗೆ ಫೋನ್ ಮಾಡಿ. ಎಷ್ಟೋ ಪಾಲಿಸಿಗಳು ಮುಂಚೆ ತಿಳಿಸದ ಖರ್ಚಿಗೆ ತಕರಾರು ತೆಗೆಯುತ್ತವೆ.

ತುರ್ತು ನಂಬರುಗಳನ್ನು ಕಾಗದದ ಮೇಲೆ ಬರೆದು ಪಾಸ್‌ಪೋರ್ಟಿನ ನಕಲಿಗೆ ಅಂಟಿಸಿಡಿ. ಯುರೋಪಿಯನ್ ಒಕ್ಕೂಟದಲ್ಲಿ ಎಲ್ಲೇ ಇದ್ದರೂ 112. ಅಮೆರಿಕದಲ್ಲಿ 911. ಜಪಾನಿನಲ್ಲಿ ಪೊಲೀಸರಿಗೆ 110, ಆಂಬುಲೆನ್ಸಿಗೆ 119. ಥಾಯ್ಲೆಂಡಿನ ಪ್ರವಾಸಿ ಪೊಲೀಸರಿಗೆ 1155. ಕಾರ್ಡ್ ನಿಲ್ಲಿಸಲು ಬ್ಯಾಂಕಿನ ವಿದೇಶದ ನಂಬರ್, ವಿಮೆಯ ಪಾಲಿಸಿ ಸಂಖ್ಯೆ, ಮನೆಯ ಒಬ್ಬರ ನಂಬರ್ ಕೂಡ ಅದೇ ಹಾಳೆಯಲ್ಲಿರಲಿ. ಆ ಹಾಳೆಯ ಇನ್ನೊಂದು ಪ್ರತಿಯನ್ನು ಎರಡನೇ ಕಾರ್ಡ್ ಇಟ್ಟಿರುವ ಕಡೆಯೇ ಇಡಿ.